ವಾರಕ್ಕೆರಡು ಸಲ ಬೆಂಗಳೂರು, ದಿನಾ ತೋಟ: ಕಾರಿಗೆ ಯಾವ ಟೈರ್ ಹಾಕಿಸಲಿ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಹಿಪ್ಪುನೇರಳೆ, ಟೊಮೆಟೊ ಬೆಳೆಯುತ್ತೇವೆ. ನನ್ನದು ಸಾಮಾನ್ಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, ಟೈರ್ ಸೈಜು 185/65 ಆರ್15. ವಾರಕ್ಕೆ ಎರಡು ಸಲ ಹೊಸಕೋಟೆ ಮೇಲೆ ಬೆಂಗಳೂರಿಗೆ ಹೋಗಿ ಬರುತ್ತೇನೆ. ರೇಷ್ಮೆ ಗೂಡು ಬಂದಾಗ ಶಿಡ್ಲಘಟ್ಟದ ಮಾರುಕಟ್ಟೆಗೆ. ದಿನಾ ತೋಟಕ್ಕೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ತುಂಬಾ ಕಲ್ಲು, ಜಾಲಿ ಮುಳ್ಳು. ಕಾರಿನ ಜೊತೆ ಬಂದ ಟೈರುಗಳೇ ಇನ್ನೂ ಇವೆ. ಆರು ವರ್ಷವಾಯಿತು, 48,000 ಕಿ.ಮೀ. ಓಡಿವೆ, ಗ್ರಿಪ್ ಸ್ವಲ್ಪ ಉಳಿದಿದೆ. ಒಂದು ಅಂಗಡಿಯವರು ದಪ್ಪ ಬಟನ್ನಿನ ಆಲ್ ಟೆರೇನ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು 16 ಇಂಚಿನ ಅಲಾಯ್ ಹಾಕಿ ಅಗಲ ಟೈರ್ ಕೂರಿಸಿ ಎನ್ನುತ್ತಾರೆ. ಮೂರನೆಯವರು ಲಕ್ಷ ಕಿಲೋಮೀಟರ್ ಬರುವ ಗಟ್ಟಿ ಟೈರ್ ಇದೆ ಎಂದರು. ಯಾರ ಮಾತು ಕೇಳಲಿ? ತಮ್ಮನ ಪಿಕಪ್ ಗಾಡಿಗೂ ಹಿಂದಿನ ಎರಡು ಟೈರ್ ಬೇಕು, ಅವನು ಕೋಲಾರದ ಮಂಡಿಗೆ ಟೊಮೆಟೊ ಸಾಗಿಸುತ್ತಾನೆ.

ಉತ್ತರ: ಮೊದಲು ನಿಮ್ಮ ವಾರದ ಲೆಕ್ಕ ಹಾಕೋಣ. ಎರಡು ಸಲ ಬೆಂಗಳೂರಿಗೆ ಹೋಗಿ ಬಂದರೆ ಮುನ್ನೂರು ಕಿಲೋಮೀಟರ್ ಹತ್ತಿರ. ಶಿಡ್ಲಘಟ್ಟಕ್ಕೆ ಹೋದ ವಾರ ಇನ್ನೊಂದು ಅರವತ್ತು. ತೋಟದ ದಾರಿ ದಿನಕ್ಕೆ ಮೂರು ಕಿಲೋಮೀಟರ್, ವಾರಕ್ಕೆ ಇಪ್ಪತ್ತೊಂದು. ಅಂದರೆ ನಿಮ್ಮ ಟೈರು ನೂರು ಕಿಲೋಮೀಟರ್ ಓಡಿದರೆ ಅದರಲ್ಲಿ ಮಣ್ಣು ಮುಟ್ಟುವುದು ಐದಾರು ಕಿಲೋಮೀಟರ್, ಅದೂ ಎರಡನೇ ಗೇರಿನಲ್ಲಿ. ಮಿಕ್ಕಿದ್ದೆಲ್ಲ ಡಾಂಬರು, ಎಂಬತ್ತರ ವೇಗ, ಮಳೆಗಾಲದ ಸಂಜೆ, ಮುಂದೆ ಇದ್ದಕ್ಕಿದ್ದಂತೆ ಬ್ರೇಕ್ ಹಾಕುವ ಲಾರಿ. ತೋಟದ ದಾರಿಯಲ್ಲಿ ಟೈರು ಕೈಕೊಟ್ಟರೆ ಒಂದು ಪಂಚರ್, ಅರ್ಧ ಗಂಟೆ ತಡ. ನಂದಗುಡಿ ಹತ್ತಿರ ಮಳೆಯಲ್ಲಿ ಕಾರು ನಿಲ್ಲದಿದ್ದರೆ ಆಗುವುದು ಬೇರೆ.

ಆದ್ದರಿಂದ ನನ್ನ ಸಲಹೆ ಮೂರು ಅಂಗಡಿಯವರ ಸಲಹೆಗಿಂತ ಸಪ್ಪೆಯಾಗಿದೆ. ಒದ್ದೆ ಡಾಂಬರಿನ ಮೇಲೆ ಚೆನ್ನಾಗಿ ಹಿಡಿದು ನಿಲ್ಲುವ ಮಾಮೂಲಿ ಹೈವೇ ಟೈರನ್ನು, ಕಂಪನಿ ಕೊಟ್ಟ ಅದೇ ಸೈಜಿನಲ್ಲಿ, ನಾಲ್ಕೂ ಒಟ್ಟಿಗೆ ಹಾಕಿಸಿ. ತೋಟದ ದಾರಿಗೆ ಟೈರ್ ಹುಡುಕಬೇಡಿ, ಅಲ್ಲಿ ನಿಧಾನವಾಗಿ ಹೋಗಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಯಾಕೆ ಎಂದು ಕೇಳುವವರು ಮುಂದೆ ಓದಿ.

ಈಗಿರುವ ಟೈರುಗಳನ್ನು ಬದಲಿಸಲೇಬೇಕೇ? ಬೇಕು. ಗ್ರಿಪ್ ಉಳಿದಿದೆ ಎಂದಿದ್ದೀರಿ, ಆದರೆ ಟೈರಿಗೆ ಎರಡು ರೀತಿಯ ಮುಪ್ಪು ಬರುತ್ತದೆ. ಒಂದು ಸವೆತ, ಇನ್ನೊಂದು ವಯಸ್ಸು. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಹೊರಗೆ ಕಾಣುವ ಕಡೆ ಅಂಕೆ ಇಲ್ಲದಿದ್ದರೆ ಒಳಬದಿಯಲ್ಲಿ ಇರುತ್ತದೆ, ಬಗ್ಗಿ ನೋಡಬೇಕು. ರಬ್ಬರಿಗೆ ಬಿಸಿಲು, ಗಾಳಿ ತಾಗಿ ತಾಗಿ ಅದರೊಳಗಿನ ಎಣ್ಣೆಯ ಅಂಶ ಹೋಗಿ ಗಟ್ಟಿಯಾಗುತ್ತದೆ. ನಮ್ಮ ಬಯಲುಸೀಮೆಯ ಒಣ ಬಿಸಿಲಲ್ಲಿ ದಿನವಿಡೀ ಹೊರಗೆ ನಿಲ್ಲುವ ಕಾರಿನ ಸೈಡ್‌ವಾಲ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುವುದು ಅದಕ್ಕೇ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಂದ ನೋಡಿಸಬೇಕು. ಹತ್ತು ವರ್ಷವಾದರೆ ಗ್ರಿಪ್ ಎಷ್ಟೇ ಇರಲಿ, ತೆಗೆದುಹಾಕಬೇಕು. ನಿಮ್ಮದು ಆರು ವರ್ಷ, 48,000 ಕಿಲೋಮೀಟರ್, ಜೊತೆಗೆ ಕಲ್ಲುದಾರಿ. ಅವು ತಮ್ಮ ಕೆಲಸ ಮುಗಿಸಿವೆ. ಸ್ಟೆಪ್ನಿಯ ಅಂಕೆಯನ್ನೂ ನೋಡಿ. ಒಂದು ದಿನವೂ ರಸ್ತೆ ಮುಟ್ಟದ ಸ್ಟೆಪ್ನಿಗೂ ಕಾರಿನಷ್ಟೇ ವಯಸ್ಸಾಗಿರುತ್ತದೆ.

ಸವೆತದ ಲೆಕ್ಕಕ್ಕೆ ಕಾನೂನಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಾಗಬಾರದು, ದ್ವಿಚಕ್ರ, ತ್ರಿಚಕ್ರ ವಾಹನಕ್ಕೆ 0.8. ಗೀರಿನೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದಲ್ಲ, ಅದೇ ಆ ಅಳತೆಯ ಗುರುತು. ಮೇಲ್ಮೈ ಸವೆದು ಆ ದಿಣ್ಣೆಗೆ ಸಮವಾಯಿತೆಂದರೆ ಟೈರ್ ಮುಗಿಯಿತು. ಆದರೆ ಮಳೆಯ ವಿಷಯಕ್ಕೆ ಬಂದರೆ ನಾನು ಕಾನೂನಿಗಿಂತ ಬಿಗಿ. ಮೂರು ಮಿಲಿಮೀಟರಿಗೆ ಬಂದಾಗಲೇ ಹೊಸದರ ಬಗ್ಗೆ ಯೋಚಿಸಿ ಎನ್ನುತ್ತೇನೆ.

ಯಾಕೆಂದರೆ ಗೀರುಗಳು ಇರುವುದೇ ನೀರಿಗಾಗಿ. ಒಣ ಡಾಂಬರಿನ ಮೇಲೆ ಗೀರೇ ಇಲ್ಲದ ಬೋಳು ಟೈರೂ ಚೆನ್ನಾಗಿಯೇ ಹಿಡಿಯುತ್ತದೆ, ರೇಸ್ ಕಾರಿನವರು ಅದನ್ನೇ ಹಾಕುತ್ತಾರೆ. ಜನ ಮೋಸ ಹೋಗುವುದು ಇಲ್ಲೇ. ಬೇಸಿಗೆಯೆಲ್ಲ ಬೋಳು ಟೈರಿನಲ್ಲಿ ಸಲೀಸಾಗಿ ಓಡಿಸಿ, ಏನೂ ಆಗಲಿಲ್ಲ ಎಂದುಕೊಂಡು, ಮೊದಲ ಮುಂಗಾರು ಮಳೆಗೆ ಸಿಕ್ಕಿಬೀಳುತ್ತಾರೆ. ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ, ನೀವು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದೀರಿ ಅಂದುಕೊಳ್ಳಿ. ಸೆಕೆಂಡಿಗೆ 22 ಮೀಟರ್ ಓಡುವ 185 ಮಿಲಿಮೀಟರ್ ಅಗಲದ ಟೈರು ಆ ಒಂದು ಸೆಕೆಂಡಿನಲ್ಲಿ ಸುಮಾರು ಹನ್ನೆರಡು ಲೀಟರ್ ನೀರನ್ನು, ಅಂದರೆ ಒಂದು ಕೊಡದಷ್ಟನ್ನು, ಪಕ್ಕಕ್ಕೆ ತಳ್ಳಬೇಕು. ಒಂದೊಂದು ಮುಂದಿನ ಚಕ್ರವೂ ಅಷ್ಟಷ್ಟು. ಗೀರು ಸಾಲದಿದ್ದರೆ ಆ ನೀರು ಟೈರಿನ ಕೆಳಗೇ ಉಳಿದು ಕಾರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾದಾಗ ಬ್ರೇಕ್ ತುಳಿಯದೆ, ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಲರೇಟರ್ ಮೆಲ್ಲಗೆ ಬಿಡಬೇಕು. ಟೈರ್ ಮತ್ತೆ ನೆಲ ಕಚ್ಚಲು ಒಂದೆರಡು ಕ್ಷಣ ಬೇಕು.

ಬೇಸಿಗೆ ಕಳೆದು ಬೀಳುವ ಮೊದಲ ಮಳೆ ಇನ್ನೂ ಕೆಟ್ಟದ್ದು. ತಿಂಗಳುಗಟ್ಟಲೆ ಡಾಂಬರಿನ ಮೇಲೆ ಕೂತ ಎಣ್ಣೆ, ಡೀಸೆಲ್, ಧೂಳು, ಟೈರಿನ ಪುಡಿ ಎಲ್ಲ ಸೇರಿ ಮೊದಲ ಹತ್ತಿಪ್ಪತ್ತು ನಿಮಿಷ ರಸ್ತೆ ಜಾರುತ್ತದೆ. ಜೋರಾಗಿ ಒಂದು ಗಂಟೆ ಸುರಿದ ಮೇಲಿನ ರಸ್ತೆಗಿಂತ ಈ ಹನಿ ಮಳೆಯ ರಸ್ತೆ ಅಪಾಯಕಾರಿ. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಹನಿ ಬಿದ್ದೊಡನೆ ವೇಗ ಇಳಿಸಿ. ಎಂಥ ಟೈರ್ ಇದ್ದರೂ ಇದನ್ನು ಮಾಡಲೇಬೇಕು.

ಇನ್ನು ಅಂಗಡಿಯವರ ಮಾತು.

ಆಲ್ ಟೆರೇನ್ ಟೈರ್ ಕೆಟ್ಟದ್ದಲ್ಲ, ನಿಮಗೆ ಬೇಡ ಅಷ್ಟೆ. ಹೈವೇ ಟೈರ್ ಎಂದರೆ ಎಚ್‌ಟಿ, ಎರಡೂ ಕಡೆಗೆ ಎಟಿ, ಪೂರ್ತಿ ಕೆಸರಿಗೆ ಎಂಟಿ. ಎಟಿಯಲ್ಲಿ ಬಟನ್ನುಗಳು ದೊಡ್ಡವು, ನಡುವಿನ ಸಂದು ಅಗಲ. ಸಡಿಲ ಮಣ್ಣಿನಲ್ಲಿ, ಜಲ್ಲಿಯಲ್ಲಿ ಅವು ಕಚ್ಚಿ ಹಿಡಿಯುತ್ತವೆ, ರಬ್ಬರ್ ದಪ್ಪವಿರುವುದರಿಂದ ಕಲ್ಲಿನ ಏಟಿಗೆ ಸ್ವಲ್ಪ ಹೆಚ್ಚು ತಾಳುತ್ತವೆ. ಅದಕ್ಕೆ ತೆರುವ ಬೆಲೆಯೂ ಇದೆ. ಡಾಂಬರಿಗೆ ತಾಗುವ ರಬ್ಬರ್ ಕಡಿಮೆ, ಆದ್ದರಿಂದ ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ತೂಕ ಹೆಚ್ಚು, ಪೆಟ್ರೋಲ್ ಖರ್ಚು ಹೆಚ್ಚು, ಹೊಸಕೋಟೆ ದಾಟುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಕ್ವಾರಿಗೆ ದಿನಾ ಹೋಗುವ ಬೊಲೆರೊ, ಪಾವಗಡದ ಕಡೆ ಹೊಲದೊಳಗೇ ಓಡಾಡುವ ಜೀಪು, ಇವಕ್ಕೆ ಎಟಿ ಸರಿ. ಇನ್ನೊಂದು ಮಾತು: ನಮ್ಮ ಕೆಂಪು ಮಣ್ಣು ಜಡಿ ಮಳೆಗೆ ನೆನೆದರೆ ಎಟಿಯ ಸಂದುಗಳೂ ಮೆತ್ತಿಕೊಂಡು ಮುಚ್ಚಿಹೋಗುತ್ತವೆ. ಮುಂದಿನ ಎರಡೇ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು ಆ ಕೆಸರಲ್ಲಿ ಹೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು. ಅಂಥ ನಾಲ್ಕು ದಿನ ಕಾರನ್ನು ಊರಲ್ಲೇ ಬಿಟ್ಟು ತೋಟಕ್ಕೆ ಬೈಕಿನಲ್ಲೋ ಕಾಲುನಡಿಗೆಯಲ್ಲೋ ಹೋಗುವುದು ಟೈರಿಗಿಂತ ಅಗ್ಗ.

ಹದಿನಾರು ಇಂಚಿನ ಅಲಾಯ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಏಕೆಂದರೆ ಅದನ್ನು ಸುರಕ್ಷತೆಯ ಹೆಸರಿನಲ್ಲಿ ಮಾರುತ್ತಾರೆ. ನಿಮ್ಮ ಟೈರಿನ ಮೇಲಿನ 185 ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಸೈಡ್‌ವಾಲ್‌ನ ಎತ್ತರ ಅಗಲದ ನೂರಕ್ಕೆ 65 ಭಾಗ, ಅಂದರೆ 120 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, 15 ರಿಮ್ಮಿನ ಅಳತೆ ಇಂಚಿನಲ್ಲಿ. ಇದಕ್ಕೆ ಬದಲಾಗಿ 195/55 ಆರ್16 ಹಾಕಿದರೆ ಟೈರಿನ ಹೊರಗಿನ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, 621ರ ಆಸುಪಾಸು ಮಿಲಿಮೀಟರ್. ಲೆಕ್ಕ ತಪ್ಪಿಲ್ಲ. ಆದರೆ ಸೈಡ್‌ವಾಲ್ 107 ಮಿಲಿಮೀಟರಿಗೆ ಇಳಿಯುತ್ತದೆ. ಆ ಹದಿಮೂರು ಮಿಲಿಮೀಟರ್ ರಬ್ಬರೇ ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ದಿಂಡು. ಗುರುತಿಲ್ಲದ ಹಂಪುಗಳು, ಮಳೆ ನೀರು ತುಂಬಿ ಆಳ ತಿಳಿಯದ ಗುಂಡಿಗಳು, ಟಿಪ್ಪರಿನಿಂದ ಬಿದ್ದ ಜಲ್ಲಿ ಇರುವ ನಮ್ಮ ರಸ್ತೆಗಳಲ್ಲಿ ಅದನ್ನು ಕಳೆದುಕೊಂಡು ಪಡೆಯುವುದು ನೋಟ ಮಾತ್ರ. ಅಲಾಯ್ ರಿಮ್ ಬಲವಾದ ಏಟಿಗೆ ಬಿರುಕು ಬಿಡಬಹುದು. ಸ್ಟೀಲ್ ರಿಮ್ ಸಾಮಾನ್ಯವಾಗಿ ಬಗ್ಗುತ್ತದೆ, ತಟ್ಟಿ ಸರಿಮಾಡುತ್ತಾರೆ.

ಅದೇ ರಿಮ್ಮಿಗೆ ಒಂದು ಸೈಜು ದಪ್ಪ ಹಾಕಿಸುವ ಆಸೆಯಿದ್ದರೆ 195/65 ಆರ್15 ಇದೆ. ವ್ಯಾಸ ನೂರಕ್ಕೆ ಎರಡರಷ್ಟು ಹೆಚ್ಚು. ಸಾಮಾನ್ಯವಾಗಿ ಮೂರರೊಳಗಿದ್ದರೆ ನಡೆಯುತ್ತದೆ ಎನ್ನುತ್ತಾರೆ. 205/65 ಹಾಕಿದರೆ ನಾಲ್ಕು ದಾಟುತ್ತದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ನ ಒಳಗೆ ಉಜ್ಜುವ ಸಾಧ್ಯತೆ ಇದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಕಾರಿನ ಕೈಪಿಡಿಯಲ್ಲಿ ಇಲ್ಲದ ಸೈಜು ಹಾಕಿಸಿದರೆ ವಾರಂಟಿಯಲ್ಲಿ, ವಿಮೆಯಲ್ಲಿ ತಕರಾರು ಏಳಲು ದಾರಿ ಮಾಡಿಕೊಟ್ಟಂತೆ. ನಾನಾಗಿದ್ದರೆ 185ರಲ್ಲೇ ಉಳಿಯುತ್ತೇನೆ.

ಲಕ್ಷ ಕಿಲೋಮೀಟರಿನ ಗಟ್ಟಿ ಟೈರ್ ಎಂಬ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಟೈರಿನ ರಬ್ಬರಿನಲ್ಲಿ ಮೂರು ಗುಣಗಳು ಒಂದನ್ನೊಂದು ಎಳೆದಾಡುತ್ತವೆ: ಬಾಳಿಕೆ, ಒದ್ದೆ ರಸ್ತೆಯ ಹಿಡಿತ, ಇಂಧನ ಉಳಿತಾಯ. ಗಟ್ಟಿ ರಬ್ಬರ್ ನಿಧಾನವಾಗಿ ಸವೆಯುತ್ತದೆ, ಆದರೆ ಒದ್ದೆ ಡಾಂಬರಿನ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಕೂರುವುದಿಲ್ಲ. ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಯ ಜೊತೆ ಸಿಲಿಕಾ ಎಂಬ ಮರಳಿನ ಅಂಶ ಬೆರೆಸುವ ವಿಧಾನ ಬಂದ ಮೇಲೆ ಈ ಜಗಳ ಸ್ವಲ್ಪ ತಣ್ಣಗಾಗಿದೆ, ಒಳ್ಳೆಯ ಟೈರುಗಳಲ್ಲಿ ಹಿಡಿತವೂ ಉಳಿತಾಯವೂ ಸೇರಿ ಸಿಗುತ್ತವೆ. ಆದರೂ ಬಾಳಿಕೆಯೊಂದನ್ನೇ ಹೊಗಳುವ ಟೈರಿನಲ್ಲಿ ಏನು ಬಿಟ್ಟಿದ್ದಾರೆ ಎಂದು ಕೇಳಲೇಬೇಕು. ದಿನವಿಡೀ ಊರೊಳಗೆ ನಲವತ್ತರ ವೇಗದಲ್ಲಿ ಓಡುವ ಬಾಡಿಗೆ ಕಾರಿನವರು ಗಟ್ಟಿ ಟೈರ್ ಆರಿಸಿದರೆ ನಾನು ಬೇಡ ಎನ್ನುವುದಿಲ್ಲ, ಅವರ ಹೊಟ್ಟೆಪಾಡು ಅದರಲ್ಲಿದೆ. ನಿಮ್ಮದು ಹೆದ್ದಾರಿ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಕಂಪನಿಯ ಹೆಸರು ನಾನು ಹೇಳುವುದಿಲ್ಲ, ಏಕೆಂದರೆ ಒಂದೇ ಕಂಪನಿ ಇದೇ ಸೈಜಿನಲ್ಲಿ ಬಾಳಿಕೆಗೊಂದು, ಹಿಡಿತಕ್ಕೊಂದು, ಮೆತ್ತನೆಯ ಓಟಕ್ಕೊಂದು ಎಂದು ಬೇರೆ ಬೇರೆ ಮಾದರಿ ಮಾಡುತ್ತದೆ. ಕಂಪನಿ ಆರಿಸಿದರೆ ಸಾಲದು, ಮಾದರಿ ಆರಿಸಬೇಕು. ಒದ್ದೆ ರಸ್ತೆಯ ಹಿಡಿತಕ್ಕೆಂದೇ ಮಾಡಿದ ಮಾದರಿ ಯಾವುದು ಎಂದು ಬಾಯಿ ಬಿಟ್ಟು ಕೇಳಿ. ಕೆಲವು ಟೈರುಗಳ ಸೈಡ್‌ವಾಲ್‌ನಲ್ಲಿ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂದು ಬರೆದಿರುತ್ತದೆ. ಟ್ರ್ಯಾಕ್ಷನ್ ಎಂದರೆ ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಎಗಿಂತ ಕೆಳಗಿನದು ಬೇಡ. ಟೆಂಪರೇಚರ್ ಎಂದರೆ ಬಿಸಿ ತಾಳುವ ಶಕ್ತಿ, ಅದೂ ಎ ಇರಲಿ. ಟ್ರೆಡ್‌ವೇರ್ ಅಂಕೆ ದೊಡ್ಡದಿದ್ದಷ್ಟೂ ಬಾಳಿಕೆ ಹೆಚ್ಚು ಎನ್ನುವುದು ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಮಾತ್ರ ನಂಬುವಂಥದ್ದು, ಒಂದು ಕಂಪನಿಯ 400ನ್ನು ಇನ್ನೊಂದರ 400ಕ್ಕೆ ಹೋಲಿಸಬೇಡಿ. ಸ್ಟಾರ್ ಲೇಬಲ್ ಅಂಟಿಸಿದ್ದರೆ ಅದು ಮುಖ್ಯವಾಗಿ ಇಂಧನ ಉಳಿತಾಯದ ಅಳತೆ. ಐದು ಸ್ಟಾರ್ ಎಂದಾಕ್ಷಣ ಬ್ರೇಕಿಗೂ ಐದು ಸ್ಟಾರ್ ಎಂದುಕೊಳ್ಳಬೇಡಿ. ಐಎಸ್‌ಐ ಗುರುತು ಇರಲೇಬೇಕು, ಕಾರಿನ ಟೈರಿಗೆ ಐಎಸ್ 15633.

ಸೈಜಿನ ಪಕ್ಕದಲ್ಲಿ 88ಎಚ್ ಎಂದೋ 88ಟಿ ಎಂದೋ ಇರುತ್ತದೆ. 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗಕ್ಕೆ, ಎಚ್ ಎಂದರೆ 210ಕ್ಕೆ ತಾಳಬಲ್ಲದು. ಈಗಿರುವುದಕ್ಕಿಂತ ಇವೆರಡೂ ಕಡಿಮೆಯಾಗಬಾರದು. 210ರಲ್ಲಿ ಯಾರು ಓಡಿಸುತ್ತಾರೆ ಎಂದು ನಗಬೇಡಿ. ಹೆಚ್ಚಿನ ವೇಗದ ಗುರುತು ಇರುವ ಟೈರು ಬಿಸಿಯನ್ನೂ ಹೆಚ್ಚು ತಾಳುತ್ತದೆ. ಈಗ ಮಾಲೂರು, ಬೇತಮಂಗಲದ ಕಡೆ ಎಕ್ಸ್‌ಪ್ರೆಸ್‌ವೇ ಬೇರೆ ಬಂದಿದೆ. ಸಿಮೆಂಟೋ ಡಾಂಬರೋ, ಏಪ್ರಿಲ್ ಮಧ್ಯಾಹ್ನ ಒಂದೇ ಸಮನೆ ನೂರರ ಮೇಲೆ ಓಡಿಸಿದರೆ ಟೈರಿನೊಳಗೆ ಹುಟ್ಟುವ ಬಿಸಿ ಹಳ್ಳಿ ರಸ್ತೆಯಲ್ಲಿ ಎಂದೂ ಹುಟ್ಟದಂಥದ್ದು.

ಬಿಸಿಯ ಮಾತು ಬಂತು, ಗಾಳಿಯ ಮಾತು ಆಡಿಬಿಡೋಣ. ಒಳ್ಳೆಯ ಟೈರ್ ಆರಿಸಿ ಗಾಳಿ ತಪ್ಪಿಟ್ಟರೆ ಆರಿಸಿದ್ದು ದಂಡ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಆದ್ದರಿಂದ ಎರಡು ಪಾಯಿಂಟ್ ಕಮ್ಮಿ ಇಡಿ ಎಂಬ ಬುದ್ಧಿಮಾತು ನಮ್ಮ ಕಡೆಯ ಪಂಚರ್ ಅಂಗಡಿಗಳಲ್ಲಿ ಕೇಳಸಿಗುತ್ತದೆ. ಅದು ತಲೆಕೆಳಗು. ಗಾಳಿ ಕಡಿಮೆಯಾದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿ ಬಾಗಿ ಬಿಸಿಯಾಗುತ್ತದೆ, ಒಳಗಿನ ದಾರದ ಪದರ ರಬ್ಬರಿನಿಂದ ಬಿಡುತ್ತದೆ. ಶಿರಾ, ಪಾವಗಡದ ಬಿಸಿಲಿನಲ್ಲಿ ಟೈರ್ ಒಡೆಯುವುದಕ್ಕೆ ಮುಖ್ಯ ಕಾರಣ ಕಡಿಮೆ ಗಾಳಿ ಮತ್ತು ಹೆಚ್ಚು ಭಾರ. ಗಾಳಿ ಹಿಗ್ಗುವುದು ನಿಜವೇ. ಹತ್ತು ಡಿಗ್ರಿ ಬಿಸಿಯೇರಿದರೆ ಒಂದೂವರೆಯಿಂದ ಎರಡು ಪಿಎಸ್‌ಐ, ಅಂದರೆ ಅಂಗಡಿಯವರು ಹೇಳುವ ಪಾಯಿಂಟ್, ಏರುತ್ತದೆ. ಆ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಂಪನಿಯವರು ತಣ್ಣಗಿನ ಟೈರಿನ ಅಳತೆ ಕೊಟ್ಟಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಆ ಪಟ್ಟಿ ಇರುತ್ತದೆ. ಇಬ್ಬರಿಗೆ ಒಂದು ಅಂಕೆ, ಐವರು ಮತ್ತು ಸಾಮಾನಿಗೆ ಇನ್ನೊಂದು. ಬೆಳಿಗ್ಗೆ ಕಾರು ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡುವ ಮುಂಚೆ ಆ ಅಳತೆಗೆ ಗಾಳಿ ಹಿಡಿಸಿ. ಬೆಂಗಳೂರಿನಿಂದ ಬಂದಾಗ 33 ಇದ್ದದ್ದು 37 ತೋರಿಸಿದರೆ ಗಾಳಿ ಬಿಡಬೇಡಿ, ಅದು ಸರಿಯಾಗಿಯೇ ಇದೆ. ಆಗ ಬಿಟ್ಟರೆ ಮರುದಿನ ಬೆಳಗಿನ ಚಳಿಗೆ 29ಕ್ಕೆ ಬಂದಿರುತ್ತದೆ. ನೈಟ್ರೋಜನ್ ಹಾಕಿಸಬೇಕೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಮುಳ್ಳಿನ ವಿಷಯ. ಬಳ್ಳಾರಿ ಜಾಲಿಯ ಮುಳ್ಳು ಯಾವ ಕಾರಿನ ಟೈರನ್ನೂ ಚುಚ್ಚಬಲ್ಲದು, ಅದಕ್ಕೆ ಎಟಿಯೂ ಹೊರತಲ್ಲ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳೇ ಬಿರಡೆಯಂತೆ ಕೂತಿರುತ್ತದೆ, ದಾರಿಯಲ್ಲಿ ಕಿತ್ತು ಎಸೆಯಬೇಡಿ. ಗಾಳಿ ನೋಡಿಕೊಂಡು ಅಂಗಡಿಯವರೆಗೆ ಹಾಗೇ ಬನ್ನಿ. ನೆಲಕ್ಕೆ ತಾಗುವ ಭಾಗದಲ್ಲಿ ಸಣ್ಣ ತೂತಾದರೆ ಬತ್ತಿ ಹಾಕಿ ನಡೆಸಬಹುದು, ಒಳಗಿನಿಂದ ಪ್ಯಾಚ್ ಹಾಕಿಸಿದರೆ ಇನ್ನೂ ಭದ್ರ. ತೂತು ಸೈಡ್‌ವಾಲ್‌ನಲ್ಲಿದ್ದರೆ ಯಾರು ಏನೇ ಹೇಳಲಿ ರಿಪೇರಿ ಬೇಡ. ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ, ಅದೇ ದಿನ ಸ್ಟೆಪ್ನಿಗೆ ಬದಲಿಸಿ. ತೋಟಕ್ಕೆ ಹೋಗಿ ಬಂದ ಮೇಲೆ ವಾರಕ್ಕೊಮ್ಮೆಯಾದರೂ ಗೀರಿನಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಹಳೆಯ ಸ್ಕ್ರೂಡ್ರೈವರಿನಿಂದ ತೆಗೆದು, ಒಳಬದಿಯ ಸೈಡ್‌ವಾಲ್ ಮೇಲೆ ಕೈಯಾಡಿಸಿ. ಹೊರಗಿನದನ್ನು ಎಲ್ಲರೂ ನೋಡುತ್ತಾರೆ, ಏಟು ಬಿದ್ದಿರುವುದು ಎಷ್ಟೋ ಸಲ ಒಳಗೆ.

ಯಾವ ಟೈರಿಗೂ ಬಗ್ಗದ ರಸ್ತೆಯೊಂದು ನಮ್ಮಲ್ಲಿದೆ. ಸುಗ್ಗಿ ಬಂತೆಂದರೆ ಡಾಂಬರಿನ ಮೇಲೆ ರಾಗಿ, ಹುರುಳಿ ಹರಡುತ್ತಾರೆ, ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಒಣಗಿದ ಹುರುಳಿ ಬಳ್ಳಿಯ ಮೇಲೆ ಬ್ರೇಕ್ ಹಾಕಿದರೆ ಟೈರು ಹಿಡಿಯುವುದು ರಸ್ತೆಯನ್ನಲ್ಲ, ಹುಲ್ಲನ್ನು. ಕೆಳಗೆ ಉದುರಿದ ಕಾಳು ಬೇರೆ ಉರುಳುತ್ತಿರುತ್ತದೆ. ಬೈಕಿನವರಿಗಂತೂ ಇದು ಕಂಟಕ. ಹುಲ್ಲು ತಲುಪುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ. ದಾಟಿದ ಮೇಲೆ ಒಮ್ಮೆ ಇಳಿದು ಕಾರಿನ ಕೆಳಗೆ ನೋಡಿ. ಸೈಲೆನ್ಸರಿಗೆ ಸುತ್ತಿಕೊಂಡ ಬಳ್ಳಿಯಿಂದ ಬೆಂಕಿ ಹತ್ತಬಹುದು.

ಈಗ ತಮ್ಮನ ಪಿಕಪ್. ಇಲ್ಲಿ ಲೆಕ್ಕವೇ ಬೇರೆ, ಹಿಡಿತಕ್ಕಿಂತ ಮೊದಲು ಭಾರ. ಟೊಮೆಟೊ ಕ್ರೇಟಿಗೆ 15 ಕಿಲೋ ಎಂದರೆ ನೂರು ಕ್ರೇಟಿಗೆ ಒಂದೂವರೆ ಟನ್, ಖಾಲಿ ಕ್ರೇಟಿನ ತೂಕ ಬೇರೆ. ಗಾಡಿಯ ಸ್ವಂತ ತೂಕದ ಪಾಲೂ ಸೇರಿ ಹಿಂದಿನ ಆಕ್ಸಲ್ ಮೇಲೆ ಎರಡು ಟನ್ ಬಂತೆಂದರೆ ಒಂದೊಂದು ಟೈರಿಗೆ ಒಂದು ಟನ್. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎಸ್‌ಯುವಿಯಿಂದ ಬಿಚ್ಚಿದ 235/75 ಆರ್15 ಅಗ್ಗಕ್ಕೆ ಸಿಗುತ್ತದೆ, ನೋಡಲು ಅಗಲವಾಗಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಅದರ ಮೇಲೆ 105 ಎಂದಿದ್ದರೆ ಅದು ಹೊರುವುದು 925 ಕಿಲೋ ಮಾತ್ರ. 108 ಎಂದರೆ ಸರಿಯಾಗಿ 1,000. 112 ಎಂದರೆ 1,120. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಸೈಜಿನಲ್ಲೇ, ಎಲ್‌ಟಿ ಎಂದೋ ಸಿ ಎಂದೋ ಗುರುತಿರುವ ಸರಕು ಗಾಡಿಯ ಟೈರನ್ನೇ ಕೊಳ್ಳಬೇಕು. ಅದರ ಪ್ಲೈ ರೇಟಿಂಗೂ, ಅಂದರೆ ಒಳಪದರಗಳ ಬಲದ ಅಂಕೆಯೂ, ಕೈಪಿಡಿಯಲ್ಲಿದ್ದಷ್ಟಾದರೂ ಇರಬೇಕು. ಭಾರದ ಎರಡು ಅಂಕೆಗಳನ್ನು ನಡುವೆ ಗೆರೆ ಹಾಕಿ ಬರೆದಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ.

ಆ ಟೈರುಗಳಿಗೆ ಕಾರಿನಂತೆ 33 ಸಾಲದು. ಐವತ್ತು, ಅರವತ್ತರ ಮೇಲೂ ಬೇಕಾಗುತ್ತದೆ, ಪಟ್ಟಿಯಲ್ಲಿ ಎಷ್ಟಿದೆಯೋ ಅಷ್ಟು. ಲೋಡು ತುಂಬುವ ಮೊದಲು ತಣ್ಣಗಿದ್ದಾಗ ಹಿಡಿಸಬೇಕು. ಗ್ರಿಪ್ಪಿನ ನಮೂನೆಯಲ್ಲಿ ಉದ್ದುದ್ದ ಗೀರು ಇರುವುದು ಸಾಕು, ತೋಟದೊಳಗೆ ಇಳಿದು ಲೋಡು ಮಾಡುವುದಾದರೆ ಹಿಂದಕ್ಕೆ ಮಾತ್ರ ಅಡ್ಡ ಬಟನ್ನಿನದು. ರೀಸೋಲ್, ಅಂದರೆ ಸವೆದ ಟೈರಿಗೆ ಹೊಸ ಗ್ರಿಪ್ ಅಂಟಿಸುವುದು, ಹಾಕಿಸುವುದಾದರೆ ಹಿಂದಿನ ಚಕ್ರಕ್ಕಷ್ಟೇ, ಒಳಗಿನ ಕೇಸಿಂಗ್ (ಟೈರಿನ ಹಂದರ) ಗಟ್ಟಿಯಾಗಿದ್ದರೆ ಮಾತ್ರ. ಮುಂದಿನ ಚಕ್ರಕ್ಕೆ ಯಾವತ್ತೂ ಬೇಡ, ಅದು ಬಿಚ್ಚಿಕೊಂಡರೆ ಸ್ಟೀರಿಂಗೇ ಕೈಯಲ್ಲಿರುವುದಿಲ್ಲ. ನೂರು ಕ್ರೇಟಿನ ಗಾಡಿಗೆ ನೂರೈವತ್ತು ಹೇರಿದರೆ ಇದುವರೆಗೆ ಹೇಳಿದ್ದೆಲ್ಲ ವ್ಯರ್ಥ. ರೇಟು ಏರಿದಾಗ ಕೈ ತಡೆಯುವುದು ಕಷ್ಟ, ಗೊತ್ತು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಆದರೆ ದಾರಿಯಲ್ಲಿ ಟೈರ್ ಒಡೆದು ಹರಾಜು ತಪ್ಪಿಸಿಕೊಂಡ ಲೋಡಿಗೆ ಆ ರೇಟು ಸಿಗುವುದಿಲ್ಲ.

ಇನ್ನು ಕೊಳ್ಳುವ ದಿನ. ನಾಲ್ಕೂ ಒಟ್ಟಿಗೆ ಕೊಳ್ಳಲು ಈ ಬೆಳೆಗೆ ಆಗದಿದ್ದರೆ ಎರಡು ಕೊಳ್ಳಿ, ಆ ಹೊಸ ಎರಡನ್ನೂ ಹಿಂದಕ್ಕೆ ಹಾಕಿಸಿ. ಎಂಜಿನ್ ಬಲ ಮುಂದಿದೆ, ಹೊಸದು ಮುಂದಿರಲಿ ಎಂದು ಅಂಗಡಿಯವರು ಹೇಳುತ್ತಾರೆ. ಮುಂದಿನ ಟೈರು ಜಾರಿದರೆ ಕಾರು ನೇರ ಹೋಗುತ್ತದೆ, ನಿಮಗೆ ತಿಳಿಯುತ್ತದೆ, ವೇಗ ಇಳಿಸುತ್ತೀರಿ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಸರಿಪಡಿಸಲು ಸಮಯವೇ ಇರುವುದಿಲ್ಲ. ಹಳೆಯ ನಾಲ್ಕರಲ್ಲಿ ಚೆನ್ನಾಗಿರುವ ಎರಡು ಮುಂದಿರಲಿ, ಅವನ್ನೂ ಮುಂಗಾರಿಗೆ ಮೊದಲು ಬದಲಿಸಿ. ಒಂದೇ ಆಕ್ಸಲ್ ಮೇಲೆ ಎರಡು ಬೇರೆ ಮಾದರಿಯ ಟೈರು ಮಾತ್ರ ಬೇಡವೇ ಬೇಡ.

ಟೈರ್ ರಿಮ್ಮಿಗೇರುವ ಮೊದಲೇ ನಾಲ್ಕಂಕೆ ಓದಿ. ಆರು ತಿಂಗಳೊಳಗಿನದು ಕೇಳಿ, ವರ್ಷದೊಳಗಿನದಕ್ಕೆ ಒಪ್ಪಿ. ಬಿಲ್ಲಿನ ಮೇಲೆ ಟೈರಿನ ನಂಬರ್ ಬರೆಸಿಕೊಳ್ಳಿ, ಮುಂದೆ ವಾರಂಟಿ ಕೇಳಲು ಅದೇ ಬೇಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ, ಹಳೆಯ ಬೆಲೆಯ ಚೀಟಿ ಅಂಟಿಸಿದ ಟೈರಿಗೂ ಈಗಿನ ತೆರಿಗೆಯೇ ಅನ್ವಯ. ಗಾಳಿ ತುಂಬುವ ಹೊಸ ವಾಲ್ವ್ ಹಾಕಿಸಿ, ಹಳೆಯ ವಾಲ್ವ್ ಉಳಿಸಿ ಆಗುವ ಲಾಭ ಏನೂ ಇಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಆಗಲಿ. ತೋಟದ ಕಲ್ಲುದಾರಿ ಇರುವುದರಿಂದ ನಿಮ್ಮ ಅಲೈನ್‌ಮೆಂಟ್ ಬೇಗ ತಪ್ಪುತ್ತದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದುಮುಂದು ಬದಲಿಸುವಾಗ ಅದನ್ನೂ ನೋಡಿಸಿ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದರ ಸ್ವಲ್ಪ ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್, ಅಂದರೆ ನಿಮ್ಮ ಮೊದಲ ಎರಡು ಬೆಂಗಳೂರು ಪ್ರಯಾಣ, ಮುಂದಿನ ಗಾಡಿಯಿಂದ ಸ್ವಲ್ಪ ಹೆಚ್ಚೇ ದೂರ ಇಡಿ. ಮೊದಲ ಪ್ರಯಾಣ ಮುಗಿದ ಮೇಲೆ ಅದೇ ಅಂಗಡಿಯ ಮುಂದೆ ನಿಲ್ಲಿಸಿ ನಾಲ್ಕೂ ಚಕ್ರದ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿ ಮಾಡಿಸಿ. ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ.